ಉಡಿ ತುಂಬಿ ಕಳಿಸಿದ ಕಾರು

ನಮ್ಮ ಹಳೆಯ ಕಾರಿನ ಮುಂದಿನ ಎಡಗಡೆಯ ಸೀಟು ನಮ್ಮವ್ವನದು. ಅದು ನಮ್ಮ ಮನೆಯಲ್ಲಿದ್ದಷ್ಟು ದಿನ ಅದರಲ್ಲಿ ಇನ್ನೊಬ್ಬರು ಕೂತದ್ದನ್ನು ನಾನು ನೋಡಿಲ್ಲ. ನನ್ನ ಗಂಡ ಹೈಸ್ಕೂಲ್ ಮಾಸ್ತರ. ಕುಷ್ಟಗಿಯ ಸಂತೆಯಲ್ಲಿ ನಡೆದು ಹೊರಟರೆ ಹಳೆಯ ವಿದ್ಯಾರ್ಥಿಗಳು ತರಕಾರಿ ತೂಗುವುದನ್ನು ಬಿಟ್ಟು ಎದ್ದು ನಿಲ್ಲುತ್ತಾರೆ. ಅಂಥ ಮನುಷ್ಯ ಹದಿನೈದು ವರ್ಷ ಹಿಂದಿನ ಸೀಟಿನಲ್ಲಿ, ಬುತ್ತಿಯ ಗಂಟಿಗೂ ನೀರಿನ ಕ್ಯಾನಿಗೂ ನಡುವೆ ಮೊಳಕಾಲು ಮಡಚಿಕೊಂಡು ಕೂತರು. ಓಡಿಸುವವಳು ನಾನು. ಅವರಿಗೂ ಕಲಿಸೋಣವೆಂದು ಒಮ್ಮೆ ಸ್ಟೇರಿಂಗ್ ಕೈಗೆ ಕೊಟ್ಟಿದ್ದೆ. ಯಾರೋ ಮನೆ ಕಟ್ಟಿಸಲು ಹಾಕಿಸಿದ್ದ ಉಸುಕಿನ ಗುಡ್ಡೆಗೆ ನೆಟ್ಟಗೆ ಹತ್ತಿಸಿ, "ಬ್ರೇಕ್ ಹತ್ತಲಿಲ್ಲ" ಎಂದರು. ಬ್ರೇಕಿನ ಮೇಲೆ ಕಾಲು ಇಟ್ಟಿದ್ದರೆ ತಾನೇ ಹತ್ತುವುದು. ಅಂದಿಗೆ ಆ ಮಾತು ನಮ್ಮ ಮನೆಯಲ್ಲಿ ಮುಗಿಯಿತು.

ನಾನು ಎಲಬುರ್ಗಾ ತಾಲೂಕಿನ ಒಂದು ಹಳ್ಳಿಯ ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ಕುಷ್ಟಗಿಯಿಂದ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ಅರ್ಧ ಆಯುಷ್ಯ ಹೋಗುತ್ತದೆಂದು ಕಾರು ತೆಗೆದುಕೊಂಡೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅದು ನಿಜವೇ. ಆದರೆ ಅದಕ್ಕಿಂತ ದೊಡ್ಡ ನಿಜ ಬೇರೆ ಇತ್ತು. ನಮ್ಮವ್ವನನ್ನು ಕಾರಿನಲ್ಲಿ ಕೂರಿಸಬೇಕಿತ್ತು.

ಅವ್ವನಿಗೆ ನಾನೊಬ್ಬಳೇ ಮಗಳು. ಅಪ್ಪನ ಮುಖ ನನಗೆ ನೆನಪಿಲ್ಲ. ಎಲಬುರ್ಗಾದಿಂದ ಕುಷ್ಟಗಿಗೆ ಬರುವ ರಸ್ತೆಯ ಮೇಲೆ ನಮ್ಮ ಹಳ್ಳಿ. ಊರ ಬಾಯಿಗೇ ಗೌಡರ ದೊಡ್ಡ ಮನೆ, ರಸ್ತೆಗೆ ಮುಖ ಮಾಡಿದ ಎತ್ತರದ ಕಟ್ಟೆ. ಆ ಮನೆಯ ಅಂಗಳದಲ್ಲಿ ಅವ್ವ ಶೇಂಗಾ ಹರಿದಳು, ಉಳ್ಳಾಗಡ್ಡಿ ಕೊಯ್ದು ಚೀಲ ತುಂಬಿದಳು, ಅವರ ಹೊಲದಲ್ಲಿ ಕಸ ತೆಗೆದಳು. ಆ ಕೂಲಿಯಲ್ಲಿ ನನ್ನನ್ನು ಓದಿಸಿದಳು. ಗೌಡರ ಮನೆಯವರು ಕೆಟ್ಟವರಲ್ಲ, ಹಬ್ಬಕ್ಕೆ ಸೀರೆಯನ್ನೂ ಕೊಡುತ್ತಿದ್ದರು. ಆದರೆ ಕಟ್ಟೆಯ ಮೇಲೆ ಕೂತವರು ಯಾರು, ಅಂಗಳದಲ್ಲಿ ಕೂತವರು ಯಾರು ಎಂಬುದನ್ನು ಎರಡೂ ಕಡೆಯವರು ಒಂದು ದಿನವೂ ಮರೆತವರಲ್ಲ.

ಕಾರು ಮನೆಗೆ ಬಂದ ಮೊದಲ ಭಾನುವಾರ ಅವ್ವ ತಲೆಗೆ ಎಣ್ಣೆ ಹಚ್ಚಿಕೊಂಡು, ಇಳಕಲ್ ಸೀರೆ ಉಟ್ಟು, ನಾನು ಹೇಳುವ ಮೊದಲೇ ಮುಂದಿನ ಬಾಗಿಲು ತೆಗೆದು ಕೂತಳು. ಕಿಟಕಿಯ ಹಿಡಿಕೆಯನ್ನು ತಾನೇ ತಿರುವಿ ಗಾಜು ಪೂರ್ತಿ ಇಳಿಸಿದಳು. ಮೊಳಕೈಯನ್ನು ಅಂಚಿನ ಮೇಲಿಟ್ಟಳು. "ಊರಿಗೆ ಹೊಡಿ" ಎಂದಳು. ಗೌಡರ ಮನೆಯ ಮುಂದೆ ಬಂದಾಗ, "ಸಾವಕಾಶ, ಸಾವಕಾಶ" ಎಂದು ಅಂಗೈ ಕೆಳಗೆ ಒತ್ತಿ ತೋರಿಸಿದಳು. ನಾನು ನಿಲ್ಲಿಸಿಯೇಬಿಟ್ಟೆ. ಕಟ್ಟೆಯ ಮೇಲೆ ಗೌಡರ ಹೆಂಡತಿ, ಗೌಡಶಾನಿ, ಅಕ್ಕಿ ಹಸನು ಮಾಡುತ್ತಿದ್ದರು.

"ಯಾರ್ದಬೇ ಗಾಡಿ?" ಎಂದು ಅಲ್ಲಿಂದಲೇ ಕೇಳಿದರು.

"ನನ್ನ ಮಗಳದರಿ."

"ಡ್ರೈವರನ್ನ ಎಲ್ಲಿಂದ ಕರ್ಕೊಂಡು ಬಂದಿ?"

"ಡ್ರೈವರೂ ಆಕಿನ ನೋಡ್ರಿ" ಎಂದಳು ಅವ್ವ. ಅಷ್ಟೇ. ಆಮೇಲೆ ನನ್ನ ಕಡೆ ತಿರುಗದೆ, "ನಡಿ" ಎಂದಳು. ಆ ಹೊತ್ತಿನ ಅವಳ ಮುಖ ನೋಡಿದ ಮೇಲೆ ಆ ಕಾರು ನನಗೆ ಬರೀ ಕಾರಾಗಿ ಉಳಿಯಲಿಲ್ಲ.

ಮೂರನೆಯ ಬೇಸಿಗೆಗೆ ಅದರ ಎಸಿ ಕೆಟ್ಟಿತು. ನಾನು ಮಾಡಿಸಹೋದರೆ ಅವ್ವ ಬೇಡವೆಂದಳು. ಎಸಿ ಹಾಕಿದರೆ ಗಾಜು ಏರಿಸಬೇಕು, ಗಾಜು ಏರಿಸಿದರೆ ಮಂದಿಯನ್ನು ಮಾತಾಡಿಸುವುದು ಹೇಗೆ? ಕುಷ್ಟಗಿ, ಎಲಬುರ್ಗಾ, ಗಂಗಾವತಿ, ಯಾವ ಊರಿನ ಮದುವೆಗೆ ಹೋದರೂ ದಾರಿಯುದ್ದಕ್ಕೂ ಅವಳ ಮಾತು ನಡೆಯುತ್ತಿತ್ತು. ಕುರಿ ಕಾಯುವವನಿಗೆ ಒಂದು, ಕಬ್ಬಿನ ಹಾಲಿನ ಅಂಗಡಿಯವಳಿಗೆ ಒಂದು. "ಆರಾಮ ಅದಿಯೇನವಾ? ಸೊಸಿ ಬಂದ್ಲೇನು?" ಗಂಗಾವತಿಯ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದರೆ ನಾನು ಸಿಡಿಮಿಡಿಗೊಳ್ಳುತ್ತಿದ್ದೆ, ಅವ್ವನಿಗೆ ಖುಷಿ. ಪಕ್ಕದ ಆಟೋದಲ್ಲಿ ಕೂತ ಹೆಂಗಸಿನ ಇಡೀ ಮನೆತನ ದೀಪ ಹಸಿರಾಗುವಷ್ಟರಲ್ಲಿ ಅವಳಿಗೆ ಗೊತ್ತಾಗಿರುತ್ತಿತ್ತು.

ಹೀಗೆ ವರ್ಷಗಳು ಹೋದವು. ಕಾರು ಹೊಗೆ ಉಗುಳಲು ಶುರುಮಾಡಿತು. ಆಯಿಲ್ ಕುಡಿಯತೊಡಗಿತು. ಬಸ್‌ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ಮೇಸ್ತ್ರಿ ಬಾನೆಟ್ಟು ಎತ್ತಿ, ಗಲ್ಲಕ್ಕೆ ಕೈ ಹಚ್ಚಿ ನಿಂತು, "ಇಂಜಿನ್ ಬೋರಿಗೆ ಬಂದೈತ್ರಿ ಅಕ್ಕಾರ, ಒಳಗೆಲ್ಲ ಸವದೈತಿ" ಎಂದ. "ಬಿಚ್ಚಿ ಕಟ್ಟಿಸಿದ್ರ ಇನ್ನೂ ಭಾಳ ದಿನ ಓಡತೈತಿ, ಜಿಮ್ಮೇದಾರಿ ನಂದು. ಹಂಗ ಓಡಿಸಿದ್ರ ಯಾವತ್ತರ ನಡು ದಾರ್ಯಾಗ ಕೈ ಕೊಡತೈತಿ. ಆಮ್ಯಾಲ ನನಗ ಬೈಬ್ಯಾಡ್ರಿ."

ಮನೆಯಲ್ಲಿ ಎರಡು ಪಕ್ಷವಾಯಿತು. ನನ್ನ ಗಂಡ ಹೊಸ ಕಾರಿನ ಪಕ್ಷ. "ಹದಿನೈದು ವರ್ಷ ಆತು. ಇನ್ನ ಎಫ್‌ಸಿ ಮಾಡಿಸಾಕ ಕೊಪ್ಪಳಕ್ಕ ಅಡ್ಡಾಡಬೇಕು. ಒಂದು ಕಡೆ ಹೊಲದ್ರ ಇನ್ನೊಂದು ಕಡೆ ಹರೀತೈತಿ" ಎಂದರು.

"ನಿಮಗೂ ಐವತ್ತೈದಾತು, ನಿಮ್ಮ ಮೊಳಕಾಲೂ ಸಪ್ಪಳ ಮಾಡತಾವ. ನಿಮಗೇನ ಎಫ್‌ಸಿ ಮಾಡಿಸೇನೇನು? ಇಟ್ಕೊಂಡಿಲ್ಲೇನು?" ಎಂದೆ ನಾನು.

ಅವರು ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ನನ್ನ ಬಾಯಿ ಹಾಗೆಯೇ, ಅದಕ್ಕೆ ಮದ್ದಿಲ್ಲ. ಇಂಜಿನ್ ಕಟ್ಟಿಸುವುದೆಂದು ನಾನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಅವ್ವ ಎರಡೂ ಪಕ್ಷಕ್ಕೆ ಸೇರದೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ಗಾಡಿ ಯಾವುದಾದರೇನು, ಸೀಟಂತೂ ತನ್ನದೇ ಎಂಬ ಧೈರ್ಯ ಅವಳಿಗೆ.

ಅಷ್ಟರಲ್ಲಿ ನವಲಿಯ ಕುಬಸ ಬಂತು. ನಮ್ಮ ಸೋದರಮಾವನ ಮೊಮ್ಮಗಳನ್ನು ನವಲಿಗೆ ಕೊಟ್ಟಿತ್ತು. ಅವಳು ಚೊಚ್ಚಲ ಬಸುರಿ. ಏಳನೆಯ ತಿಂಗಳಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ತೆಗೆದುಕೊಂಡು ಹೋಗಿ ಉಡಿ ತುಂಬಬೇಕು. ಮಾವನ ಮನೆಯವರೆಲ್ಲ ಟೆಂಪೋದಲ್ಲಿ ಮುಂದೆ ಹೋದರು. ಸೀರೆ, ಬಳೆ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ಬುಟ್ಟಿಗಳು ನಮ್ಮ ಕಾರಿನಲ್ಲಿ. ಹಿರಿಯಳೆಂದು ಸೀರೆ ಕೊಡುವ ಮಾನ ಅವ್ವನದು. ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಕನಕಗಿರಿ ದಾಟಿದ ಮೇಲೆ ಕಾರು ಕುದಿಯಿತು. ಬಾನೆಟ್ಟಿನಿಂದ ಹಬೆ ಎದ್ದದ್ದೇ ಗಾಡಿಯನ್ನು ಬದಿಗೆ ನಿಲ್ಲಿಸಿದೆ. ಬಿಸಿಲು ನೆತ್ತಿಯ ಮೇಲೆ, ನೆರಳಿಗೆ ಒಂದು ಜಾಲಿಯ ಗಿಡ. ನೀರು ಹಾಕಿದೆವು, ಕಾದೆವು, ಮತ್ತೆ ಹೊರಟೆವು, ಮತ್ತೆ ಕುದಿಯಿತು. ಮೂರನೆಯ ಸಲ ಕೀಲಿ ತಿರುವಿದರೆ ಉಸಿರೇ ಇಲ್ಲ. ನವಲಿಯಿಂದ ಫೋನಿನ ಮೇಲೆ ಫೋನು. ಬಸುರಿಯನ್ನು ಮಣೆಯ ಮೇಲೆ ಕೂರಿಸಿದ್ದಾರೆ, ಹೆಂಗಸರೆಲ್ಲ ಬಂದಿದ್ದಾರೆ, ಸೀರೆ ಇಲ್ಲ. ಕೊನೆಗೆ ಭತ್ತದ ಚೀಲ ಹೇರಿಕೊಂಡು ಹೊರಟಿದ್ದ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿದ. ಬುಟ್ಟಿಗಳೊಂದಿಗೆ ಅವ್ವನನ್ನು ಚೀಲಗಳ ಮೇಲೆ ಹತ್ತಿಸಿ ನಾವೂ ಹತ್ತಿದೆವು.

ಎಲ್ಲ ಊರಲ್ಲೂ ಕಾರಿನ ಬಾಗಿಲು ತೆಗೆದು ಸಾವಕಾಶ ಇಳಿಯುತ್ತಿದ್ದವಳು ನವಲಿಯಲ್ಲಿ ಟ್ರೇಲರಿನಿಂದ ಬೆನ್ನು ಮಾಡಿ ಇಳಿದಳು, ಸೀರೆಯ ತುಂಬ ಭತ್ತದ ಧೂಳು. ಬೀಗರ ಕಡೆಯ ಹೆಂಗಸೊಬ್ಬಳು ನಕ್ಕು, "ಕಾರು ಎಲ್ಲಿ ಬಿಟ್ಟೀರಿ ದೊಡ್ಡವ್ವ? ಮೇಯಾಕ ಹೋಗೇತೇನು?" ಎಂದಳು. ಕುಬಸದ ಮನೆಯಲ್ಲಿ ಅಂಥ ಚೇಷ್ಟೆ ನಡೆದದ್ದೇ. ಬೇರೆ ದಿನವಾಗಿದ್ದರೆ ಅವ್ವ ಎರಡರಷ್ಟು ತಿರುಗಿ ಕೊಡುತ್ತಿದ್ದಳು. ಅಂದು ಕಾಲು ತೊಳೆದುಕೊಂಡು ಒಳಗೆ ಹೋದಳು.

ಹಸಿರು ಸೀರೆಯನ್ನು ಕೊಡುವ ಮೊದಲು ಒಂದೊಂದೇ ಮಡಿಕೆ ಬಿಚ್ಚಿ ಭತ್ತದ ಧೂಳು ಕೊಡವಿದಳು. ಕಾರನ್ನು ಮೇಸ್ತ್ರಿ ಎಳೆಸಿ ತಂದು, ಮತ್ತೆ ಓಡುವಷ್ಟು ರಿಪೇರಿ ಮಾಡಿಕೊಟ್ಟ. ಮರುದಿನ ಕುಷ್ಟಗಿಯ ಮನೆಯಲ್ಲಿ ಚಹಾ ಕುಡಿಯುತ್ತ ಅವ್ವ, ಬಸಿ ಕೆಳಗಿಟ್ಟು, "ಮಾರಿಬಿಡವಾ" ಎಂದಳು. ನನ್ನ ಗಂಡನ ಮುಖ ಅರಳಿತು. ನಾನು ಅವರ ಕಡೆ ಒಮ್ಮೆ ನೋಡಿದೆ, ಮುಖ ಮತ್ತೆ ಮುಚ್ಚಿಕೊಂಡಿತು.

ಕೊಪ್ಪಳದ ಶೋರೂಮಿಗೆ ಮೂವರೂ ಹೋದೆವು. ಗಾಜಿನ ಮನೆ, ಒಳಗೆ ಫಳಫಳ ಹೊಳೆಯುವ ಗಾಡಿಗಳು. ಟೈ ಕಟ್ಟಿದ ಒಬ್ಬ ತರುಣ ಅವ್ವನನ್ನು ಬೂದು ಬಣ್ಣದ ಕಾರಿನಲ್ಲಿ ಕೂರಿಸಿದ. ಅವಳು ಬಾಗಿಲನ್ನೆಲ್ಲ ಸವರಿ, "ಇದರ ಕಿಟಕಿ ಎಲ್ಲಿ ತಿರುವೂದು?" ಎಂದಳು.

"ತಿರುವೂದು ಇಲ್ರಿ ಅಜ್ಜಿ. ಬಟನ್ ಒತ್ತಿದ್ರ ಆತು."

ಅವ್ವ ಒತ್ತಿದಳು. ಗಾಜು ಕದಲಲಿಲ್ಲ. ಮತ್ತೆ ಒತ್ತಿದಳು.

"ಗಾಡಿ ಚಾಲೂ ಇರಬೇಕ್ರಿ ಅಜ್ಜಿ. ಬಂದ್ ಇದ್ರ ಇಳಿಯಂಗಿಲ್ಲ."

"ಗಾಡಿ ನಿಂತಾಗ ಕಿಟಕಿ ಇಳಿಯಂಗಿಲ್ಲಾ?" ಅವ್ವ ಆ ತರುಣನನ್ನೇ ದಿಟ್ಟಿಸಿದಳು. "ಮಂದಿ ಸಂಗಾಟ ಮಾತಾಡೂದು ಗಾಡಿ ನಿಂತಾಗ ಅಲ್ಲೇನೋ ತಮ್ಮಾ?"

ಅವನು ನನ್ನ ಕಡೆ ತಿರುಗಿ ಮೈಲೇಜಿನ ಲೆಕ್ಕ ಶುರುಮಾಡಿದ. ಆದರೂ ಆ ಕಾರನ್ನೇ ತೆಗೆದುಕೊಂಡೆವು. ಯಾರ ಮುಂದೆಯೂ, ಯಾವ ಊರಿನಲ್ಲೂ ಇನ್ನು ಅವ್ವ ಟ್ರೇಲರಿನಿಂದ ಇಳಿಯಬಾರದೆಂದು ನಾನು ಹಟ ಹಿಡಿದುಬಿಟ್ಟಿದ್ದೆ.

ಹಳೆಯದನ್ನು ಕೊಳ್ಳಲು ಕುಕನೂರಿನಿಂದ ಒಬ್ಬ ಬಂದ. ಹಿಟ್ಟಿನ ಗಿರಣಿ ಇಟ್ಟುಕೊಂಡವನು, ಹುಬ್ಬಿನ ಮೇಲೂ ಹಿಟ್ಟು. ಇಂಜಿನ್ ಬೋರಿಗೆ ಬಂದಿದೆ, ಕುದಿಯುತ್ತದೆ, ಎಸಿ ಇಲ್ಲ ಎಂದು ನಾನೇ ಎಲ್ಲ ಹೇಳಿದೆ. "ಗೊತ್ತಾತ್ರಿ. ಇಂಜಿನ್ ಕಟ್ಟಿಸ್ಕೊಂತೀನಿ" ಎಂದ. ನಾನು ಬಿಡಲಿಲ್ಲ. ಗುಟಕಾ ತಿನ್ನುತ್ತೀಯಾ, ಕಿಟಕಿಯಿಂದ ಉಗುಳುತ್ತೀಯಾ, ಹಿಟ್ಟಿನ ಚೀಲ ಹೇರುತ್ತೀಯಾ ಎಂದು ಕೇಳಿದ್ದೇ ಕೇಳಿದ್ದು. ಅವನು ಎಲ್ಲದಕ್ಕೂ ತಲೆ ತಗ್ಗಿಸಿ "ಇಲ್ರಿ, ಇಲ್ರಿ" ಎನ್ನುತ್ತ ನಿಂತ. ಹೆಣ್ಣು ನೋಡಲು ಬಂದ ಗಂಡು ಕೂಡ ಅಷ್ಟು ಹೆದರುವುದಿಲ್ಲ.

ಅವ್ವ ಕೇಳಿದ್ದು ಒಂದೇ. "ಮುಂದಿನ ಸೀಟಿನ್ಯಾಗ ಯಾರು ಕುಂದರ್ತಾರಪಾ?"

"ಯಾರರ ಕುಂದರ್ತಾರ್ರಿ ದೊಡ್ಡವ್ವ" ಎಂದ ಅವನು, ಏನು ಕೇಳುತ್ತಿದ್ದಾಳೆಂದು ತಿಳಿಯದೆ. ಅವ್ವನಿಗೆ ಆ ಉತ್ತರ ಸಮಾಧಾನ ಕೊಡಲಿಲ್ಲ.

ಅವನು ಕೀಲಿ ತೆಗೆದುಕೊಂಡು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಅವ್ವ ಒಳಗಿನಿಂದ, "ತಡಿರಿ. ಬರಿಗೈಲೆ ಕಳಸಬಾರದು" ಎಂದಳು. ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ಕುಪ್ಪಸದ ಖಣ, ಟೆಂಗಿನಕಾಯಿ, ಉತ್ತತ್ತಿ, ಅಡಿಕೆ, ಅರಿಷಿಣದ ಕೊಂಬು, ಐದು ಎಲೆ. ನನಗೆ ಗಾಬರಿಯಾಯಿತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ತುಂಬುವ ಉಡಿ ಅದು. ಗಂಡನಿಲ್ಲದವಳು ಉಡಿ ತುಂಬುವ ರೂಢಿ ನಮ್ಮಲ್ಲಿಲ್ಲ. ಮೊರವನ್ನು ನನ್ನ ಕೈಗಿಟ್ಟು, "ನೀ ತುಂಬು, ನಾ ಹೇಳತೀನಿ" ಎಂದಳು.

"ಯವ್ವಾ, ಅದು ಕಾರು" ಎಂದೆ ಮೆಲ್ಲಗೆ.

"ಕಣ್ಣು ಕಾಣತಾವ ನನಗ. ತುಂಬು."

ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ನನ್ನ ಗಂಡ ಆಕಾಶ ನೋಡತೊಡಗಿದರು. ಸರಕಾರಿ ನರ್ಸಾದ ನಾನು, ಹಳ್ಳಿ ಹಳ್ಳಿಗೆ ಹೋಗಿ ಮೂಢನಂಬಿಕೆ ಬಿಡಿರೆಂದು ಹೇಳುವವಳು, ಬಗ್ಗಿ ಅವ್ವನ ಸೀಟಿಗೆ ಕುಂಕುಮ ಹಚ್ಚಿ, ಖಣ ಹಾಸಿ, ಅದರ ಮೇಲೆ ಉಡಿ ತುಂಬಿದೆ. ನಾಚಿಕೆಯಿಂದ ಕಿವಿ ಬಿಸಿಯಾದವು, ಅದೇ ಹೊತ್ತಿಗೆ ಕಣ್ಣೂ ತುಂಬಿದವು. ನನ್ನ ಮೇಲೆ ನನಗೇ ಸಿಟ್ಟು ಬಂತು.

ಗಿರಣಿಯವನು ನಗಲಿಲ್ಲ. ಚಪ್ಪಲಿ ಬಿಟ್ಟು ಬಂದು ಅವ್ವನ ಕಾಲು ಮುಟ್ಟಿದ. ಆಮೇಲೆ ಕಾಯಿ ಉರುಳದಂತೆ ಖಣದ ಗಂಟು ಕಟ್ಟಿ, ಅದರ ಮೇಲೆ ಸೀಟಿನ ಬೆಲ್ಟು ಎಳೆದು ಹಾಕಿದ. ಕಾರು ಓಣಿಯ ತಿರುವಿನಲ್ಲಿ ಹೊಗೆ ಬಿಟ್ಟು ಹೋಯಿತು. ಅವ್ವ ಹೊಗೆ ಕರಗುವವರೆಗೆ ನಿಂತು ಒಳಗೆ ಬಂದಳು.

ಹೊಸ ಕಾರು ಛಲೋ ಗಾಡಿ. ಕುದಿಯುವುದಿಲ್ಲ, ಅಳುವುದಿಲ್ಲ. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ನಾವು ಇನ್ನೂ ತೆಗೆದಿರಲಿಲ್ಲ. ಮೊದಲ ದಿನ ಅವ್ವ ಮುಂದಿನ ಬಾಗಿಲ ಹತ್ತಿರ ಹೋದವಳು ನಿಂತಳು. ಹಿಂದಿನ ಬಾಗಿಲು ತೆಗೆದು ಕೂತಳು. "ನಿಮ್ಮ ಯಜಮಾನ್ರು ಮುಂದ ಕುಂದ್ರಲಿ. ಪಾಪ, ಕಾಲು ಮಡಚಿ ಮಡಚಿ ಸಾಕಾಗೇತಿ" ಎಂದಳು. ನನ್ನ ಗಂಡ ಮುಂದೆ ಕೂತರು. ಹದಿನೈದು ವರ್ಷದ ಮೇಲೆ ಸಿಕ್ಕ ಸೀಟು, ಆದರೆ ಅವರಿಗೂ ಅದರಲ್ಲಿ ಸುಖ ಕಾಣಲಿಲ್ಲ, ದಾರಿಯುದ್ದಕ್ಕೂ ಹಿಂದೆ ಹಿಂದೆ ತಿರುಗಿ ನೋಡುತ್ತಿದ್ದರು.

ಎಸಿ ಹಾಕಿದ್ದೆ, ಗಾಜು ಏರಿತ್ತು. ಅವ್ವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಪ್ಲಾಸ್ಟಿಕ್ ಕೊಳೆಯಾದೀತೆಂದು ಮುದ್ದೆಯಾಗಿ ಕೂಡುತ್ತಿದ್ದಳು. ಗಂಗಾವತಿಯ ಸಿಗ್ನಲ್ಲಿನಲ್ಲಿ ಆಟೋದವರು ಬಂದು ನಿಂತರು, ಹೋದರು. ಅವಳು ಬಾಯಿ ಬಿಡಲಿಲ್ಲ. ಬರಬರುತ್ತ ಮದುವೆಗಳಿಗೂ ಬರಲು ಒಲ್ಲೆ ಎಂದಳು, ಕಾಲು ನೋವು ಎಂದಳು. ಒಂದು ದಿನ ಕಬ್ಬಿನ ಹಾಲಿನ ಅಂಗಡಿಯವಳು ನನ್ನನ್ನು ತಡೆದು, "ನಿಮ್ಮವ್ವಗ ಆರಾಮ ಇಲ್ಲೇನ್ರಿ ಅಕ್ಕಾರ? ಗಾಡ್ಯಾಗ ಕಾಣವಲ್ಲರು" ಎಂದಳು. ಹಿಂದಿನ ದಿನವಷ್ಟೇ ಅವ್ವ ಅದೇ ದಾರಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತು ಬಂದಿದ್ದಳು.

ಆ ಮಾತು ನನಗೆ ಬಾಸುಂಡೆಯಂತೆ ಎದ್ದಿತು. ಅವ್ವ ನಾಲ್ಕು ಮಂದಿಗೆ ಕಾಣಲೆಂದು ತಂದ ಕಾರನ್ನು ಮಾರಿ, ಅವಳನ್ನು ಮುಚ್ಚಿಡುವ ಕಾರು ತಂದಿದ್ದೆ. ಗಾಜು ಇಳಿಸಿ ಕೊಡುತ್ತೇನೆ, ಮುಂದೆ ಬಾ ಎಂದು ಎಷ್ಟು ಕರೆದರೂ, "ಯಾಕ ಬೇ ಸುಮ್ನ, ಧೂಳು ಬರತೈತಿ" ಎನ್ನುತ್ತಿದ್ದಳು. ಇಂಜಿನ್ ಕಟ್ಟಿಸಿಬಿಟ್ಟಿದ್ದರೆ ಆಗುತ್ತಿತ್ತು ಎಂದು ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ. ಸಿಟ್ಟೆಲ್ಲ ಗಂಡನ ಮೇಲೆ ಹೋಯಿತು. ಅವರು ಪೇಪರು ಓದಿದರು.

ಶ್ರಾವಣ ಬಂತು. ಅವ್ವ ಶೇಂಗಾ ಹುರಿಯಲು ಕೂತವಳು ಎಂದಿಗಿಂತ ಹೆಚ್ಚು ಹುರಿಯುತ್ತಿದ್ದಳು. ಎಳ್ಳಿನ ಉಂಡಿ, ಶೇಂಗಾ ಉಂಡಿ, ಪುಟಾಣಿ ಉಂಡಿ, ಡಬ್ಬಿಯ ಮೇಲೆ ಡಬ್ಬಿ ತುಂಬಿದವು. ಯಾರಿಗೆ ಇಷ್ಟೊಂದು ಎಂದೆ.

"ಪಂಚಮಿ ಬಂತಲ್ಲ. ಕುಕನೂರಿಗೆ ಹೋಗಬೇಕು" ಎಂದಳು. "ಉಡಿ ತುಂಬಿ ಕಳಿಸೇವಿ. ಮೊದಲನೇ ಪಂಚಮಿಗೆ ತವರಮನ್ಯಾರು ಕರಿಯಾಕ ಹೋಗಲಿಲ್ಲಂದ್ರ ಆ ಮನ್ಯಾಗ ಆಕಿ ತಲಿ ಎತ್ತಿ ತಿರಗಬೇಕೋ ಬ್ಯಾಡೋ?"

"ಯಾರವ್ವ ಆಕಿ? ಅದು ಕಬ್ಬಿಣ ಬೇ."

"ಉಡಿ ತುಂಬಿದಾಕಿ ನೀನು. ಕರಿಯಾಕ ಬರಾಕಿನೂ ನೀನ" ಎಂದು ಹೇಳಿ ಬೆಲ್ಲದ ಪಾಕ ತಿರುವಿದಳು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಾರಿದ ಕಾರನ್ನು ಹಬ್ಬಕ್ಕೆ ಕರೆಯಲು ಹೋಗುವುದೆಂದರೆ ಕುಕನೂರಿನ ಮಂದಿ ಏನೆಂದಾರು. ಆದರೆ ಬಹಳ ದಿನಗಳ ಮೇಲೆ ಅವ್ವ ತಾನಾಗಿ ಹೊರಟದ್ದು ಅದು. ಆಸ್ಪತ್ರೆಗೆ ರಜೆ ಹಾಕಿದೆ. ಉಂಡಿಯ ಡಬ್ಬಿಗಳೊಂದಿಗೆ ಅವ್ವ ಹಿಂದಿನ ಸೀಟಿನಲ್ಲಿ ಕೂತಳು. ನನ್ನ ಗಂಡ ಶಾಲೆ ಇದೆ ಎಂದು ತಪ್ಪಿಸಿಕೊಂಡರು. ಎಲಬುರ್ಗಾ ದಾಟುವವರೆಗೂ, ಅಲ್ಲಿಗೆ ಹೋಗಿ ಏನು ಹೇಳುವುದೆಂದು ನಾನು ಬಾಯೊಳಗೇ ಮಾತು ಹೊಂದಿಸುತ್ತಿದ್ದೆ.

ಹೊಂದಿಸಿದ್ದು ಯಾವುದೂ ಬೇಕಾಗಲಿಲ್ಲ. ಗಿರಣಿಯ ಮುಂದೆ ನಮ್ಮ ಹಳೆಯ ಕಾರನ್ನು ತೊಳೆದು, ಮೂತಿಗೆ ಚೆಂಡುಹೂವಿನ ಮಾಲೆ ಹಾಕಿ ನಿಲ್ಲಿಸಿದ್ದರು. ಕಟ್ಟೆಯ ಮೇಲೆ ಅವ್ವನ ವಯಸ್ಸಿನ ಹೆಂಗಸೊಬ್ಬಳು ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು, ಗಿರಣಿಯವನ ತಾಯಿ. ನಮ್ಮನ್ನು ನೋಡಿದ್ದೇ ಎದ್ದಳು.

"ಬರ್ರಿ ಬರ್ರಿ. ತವರಮನ್ಯಾರು ಇನ್ನೂ ಯಾಕ ಬರಲಿಲ್ಲಂತ ನಿನ್ನಿಯಿಂದ ಕಾಯಾಕತ್ತೀನಿ" ಎಂದಳು. "ಉಡಿ ತುಂಬಿ ಕಳಿಸಿದಾರು ಬಂದೇ ಬರತಾರ ಅಂದಿದ್ದೆ, ಇವ ನಗತಿದ್ದ ನೋಡ್ರಿ."

ಅವ್ವ ನನ್ನ ಕಡೆ ತಿರುಗಿ ಒಂದು ನೋಟ ಕೊಟ್ಟಳು. ನಾನು ಉಂಡಿಯ ಡಬ್ಬಿಗಳನ್ನು ಇಳಿಸತೊಡಗಿದೆ.

ಕಾಲಿಗೆ ನೀರು ಕೊಟ್ಟರು, ಚಹಾ ಕೊಟ್ಟರು. ಗಿರಣಿಯವನ ಹೆಂಡತಿ ಬೀಗರ ಕಡೆಯ ಗಾಡಿಯೆಂದು ನಮ್ಮ ಹೊಸ ಕಾರಿಗೂ ಕುಂಕುಮ ಹಚ್ಚಿದಳು. ಅವನು ಹಳೆಯ ಕಾರನ್ನು ಚಾಲೂ ಮಾಡಿ ತೋರಿಸಿದ. ಇಂಜಿನ್ ಕಟ್ಟಿಸಿದ್ದ. ಹೊಗೆ ಇಲ್ಲ, ನಡುಕ ಇಲ್ಲ, ಎಳೆಯ ಹುಡುಗಿಯ ದನಿ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಜೊತೆಗೇ ಹೆಮ್ಮೆಯೂ ಆಯಿತು. ಛಲೋ ಮನೆಗೇ ಸೇರಿದ್ದಾಳೆ ಎಂದುಕೊಂಡೆ. ಕಾರಿಗೆ ನಾನೂ 'ಸೇರಿದ್ದಾಳೆ' ಎಂದದ್ದು ಆಮೇಲೆ ಗಮನಕ್ಕೆ ಬಂತು.

ಅವ್ವ ಮಾತ್ರ ಇಂಜಿನ್ ಕೇಳಲಿಲ್ಲ. "ಮುಂದ ಯಾರು ಕುಂದರ್ತೀರಿ?" ಎಂದು ಗಿರಣಿಯವನ ತಾಯಿಯನ್ನು ಕೇಳಿದಳು.

"ನನ್ನ ಕೂಡಸ್ತಾನ್ರಿ. ನನಗ ಅಂಜಿಕಿ. ಕಿಟಕಿ ಮುಚ್ಕೊಂಡು ಕಣ್ಣೂ ಮುಚ್ಕೊಂಡು ಕುಂದರ್ತೀನಿ."

ಅವ್ವ ಎದ್ದಳು. ಆ ಹೆಂಗಸಿನ ಕೈ ಹಿಡಿದು ಕಾರಿನ ಹತ್ತಿರ ಕರೆದುಕೊಂಡು ಹೋಗಿ ಮುಂದಿನ ಸೀಟಿನಲ್ಲಿ ಕೂರಿಸಿದಳು. "ಇದನ್ನ ಹಿಡಿ. ಹಿಂಗ ತಿರುವು. ಜೋರಲೆ ತಿರುವಬೇಕು, ನಡುವ ಒಂದೀಟು ಬಿಗಿ ಐತಿ. ಹಾಂ. ಈಗ ಮೊಳಕೈ ಇಲ್ಲಿಡು. ಇನ್ನ ಮ್ಯಾಲೆ. ಸೆಟೆದು ಕುಂದ್ರು. ನಿನ್ನ ಮಗನ ಗಾಡಿ, ಯಾರಿಗೆ ಅಂಜಬೇಕು?" ಆ ಹೆಂಗಸು ಮೊಳಕೈ ಇಟ್ಟಳು. ಎದುರು ಮನೆಯವಳು ಹಾದು ಹೋಗುತ್ತಿದ್ದಳು. "ಮಾತಾಡ್ಸು" ಎಂದಳು ಅವ್ವ ಪಿಸುದನಿಯಲ್ಲಿ. "ಆರಾಮ ಅದಿಯೇನವಾ?" ಎಂದಳು ಆ ಹೆಂಗಸು, ನಾಚಿಕೊಂಡು. ಎದುರು ಮನೆಯವಳು ಬೆರಗಾಗಿ ನಿಂತಳು.

ಹೊರಡುವಾಗ ಗಿರಣಿಯವನ ತಾಯಿ ಇಳಿಯಹೋದಳು. "ನೀವು ಕುಂದರ್ರಿ. ನಿಮ್ಮ ಜಾಗಾ ಇದು" ಎಂದಳು.

"ಆಗಿತ್ತು" ಎಂದಳು ಅವ್ವ. "ಕೊಟ್ಟ ಮನಿ ಸೀಟು ನಂದಲ್ಲ. ನೀ ಅದರಾಗ ಬಾ, ಹಬ್ಬ ಮುಗಿಸ್ಕೊಂಡು ಹೋಗೀರಂತ."

ಹೇಳಿ, ನಮ್ಮ ಹೊಸ ಕಾರಿನ ಹತ್ತಿರ ನಡೆದಳು. ಹಿಂದಿನ ಬಾಗಿಲಿಗೆ ಹೋಗಲಿಲ್ಲ. ಮುಂದಿನ ಬಾಗಿಲು ತೆಗೆದಳು. ಸೀಟಿನ ಮೇಲಿದ್ದ ಪ್ಲಾಸ್ಟಿಕ್ಕನ್ನು ಎರಡೂ ಕೈಯಿಂದ ಹಿಡಿದು ಪರ್ರೆಂದು ಹರಿದು ತೆಗೆದು ನನ್ನ ಕೈಗೆ ಕೊಟ್ಟಳು. ಕೂತಳು.

"ಚಾಲೂ ಮಾಡು. ಆ ಥಂಡಿ ಬಂದ್ ಮಾಡು" ಎಂದಳು. ಬಟನ್ ಮೇಲೆ ಬೆರಳಿಟ್ಟು ಗಾಜು ಪೂರ್ತಿ ಇಳಿಯುವವರೆಗೆ ಒತ್ತಿ ಹಿಡಿದಳು. ಮೊಳಕೈ ಅಂಚಿಗೆ ಬಂತು. ನನಗೆ ಹಾರ್ನ್ ಹೊಡೆಯಬೇಕೆನಿಸಿತು, ಹೊ‍ಡೆದೂಬಿಟ್ಟೆ.

ಮುಂದೆ ನಾವು, ಹಿಂದೆ ಹಳೆಯ ಕಾರಿನಲ್ಲಿ ಗಿರಣಿಯವನು, ಅವನ ತಾಯಿ. ಎಲಬುರ್ಗಾದ ಬಜಾರಿನಲ್ಲಿ ಅವ್ವ ಬಿಟ್ಟ ತಿಂಗಳುಗಳ ಮಾತನ್ನೆಲ್ಲ ಒಂದೇ ಸಲ ಆಡಿದಳು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಕಾರಿನ ಕಿಟಕಿಯಲ್ಲೂ ಒಂದು ಮೊಳಕೈ. ಹಸಿ ಹೆಸರಿನ ಹೊಲಗಳ ನಡುವೆ ನಮ್ಮ ಹಳ್ಳಿ ಬಂತು. ನಾನೇ ಸಾವಕಾಶ ಮಾಡಿದೆ.

ಗೌಡಶಾನಿ ಕಟ್ಟೆಯ ಮೇಲೆ ಇದ್ದರು. ತಲೆ ಪೂರ್ತಿ ಬೆಳ್ಳಗಾಗಿದೆ, ಪಕ್ಕದಲ್ಲಿ ಕೋಲು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು.

"ಹಿಂದ ಬರಾಕತ್ತಿದ್ದು ನಿಮ್ಮ ಹಳೇ ಗಾಡಿ ಅಲ್ಲೇನವಾ? ಕೊಟ್ರಿ ಅಂತ ಕೇಳಿದ್ದೆ."

"ಹೌದ್ರಿ, ಕುಕನೂರಿಗೆ ಕೊಟ್ಟೇವಿ" ಎಂದಳು ಅವ್ವ. "ನಮ್ಮ ಹಿರೇಮಗಳ್ರಿ. ಮೊದಲನೇ ಪಂಚಮಿ. ಕರ್ಕೊಂಡು ಹೊಂಟೇವಿ."

"ಮತ್ತ ಇದು?"

"ಇದು ಸಣ್ಣಾಕಿ. ಇನ್ನೂ ಕಲೀಬೇಕು."

ಗೌಡಶಾನಿ ನಗುತ್ತಾರೆಂದು ನಾನು ಹಲ್ಲು ಕಚ್ಚಿ ಕಾದೆ. ನಕ್ಕಿದ್ದರೆ ಏನು ಹೇಳಬೇಕೆಂಬುದೂ ನಾಲಿಗೆಯ ತುದಿಗೆ ಬಂದಿತ್ತು. ಅವರು ನಗಲಿಲ್ಲ. ಒಳಗಿನವರನ್ನು ಕೂಗಿ, "ಉಂಡಿ ಡಬ್ಬಿ ತಗೊಂಡು ಬರ್ರಿ, ಊರ ಮಗಳು ಹಬ್ಬಕ್ಕ ಬಂದಾಳ" ಎಂದರು. ಆಮೇಲೆ ಕೋಲು ಊರಿ, ಒಂದೊಂದೇ ಮೆಟ್ಟಿಲು ಕಟ್ಟೆ ಇಳಿದರು. ನನಗೆ ಬುದ್ಧಿ ಬಂದಾಗಿನಿಂದ ಅವರು ಅವ್ವನನ್ನು ಮಾತಾಡಿಸಲು ಕಟ್ಟೆ ಇಳಿದದ್ದನ್ನು ನಾನು ನೋಡಿರಲಿಲ್ಲ. ಅಂಗಳ ದಾಟಿ, ರಸ್ತೆಗೆ ಬಂದು, ನಮ್ಮ ಕಿಟಕಿಯ ಹತ್ತಿರ ನಿಂತರು. ನಾನು ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಆರಾಮ ಅದೀಯೇನವಾ?" ಎಂದು ಅವರು ಅವ್ವನ ಮೊಳಕೈಯ ಮೇಲೆ ಕೈ ಇಟ್ಟರು.

"ಆರಾಮ ಅದೀನ್ರಿ" ಎಂದಳು ಅವ್ವ. ಮೊಳಕೈಯನ್ನು ಇದ್ದಲ್ಲಿಂದ ತೆಗೆಯಲಿಲ್ಲ.